ಜಳಕದ ಸಾಬೂನು ಹುಡುಕಬ್ಯಾಡ

ತಮ್ಮಾ ಗೋಪಣ್ಣ,

ಜಳಕದ ಸಾಬೂನು ಹುಡುಕಬ್ಯಾಡ, ನಾ ಒಯ್ದೀನಿ. ಹಳೇ ಲಾರಿ ಡೀಸೆಲ್ ಟಾಕಿ ಸೋರಾಕತ್ತಿತ್ತು. ತೂತಿಗೆ ಸಾಬೂನು ಮೆತ್ತಿದ ಮ್ಯಾಲೆ ಸೋರೋದು ನಿಂತೈತಿ. ನೀ ಗುಜರಿಗೆ ಹಾಕೋಣ ಅಂದಿದ್ದು ಇದೇ ಲಾರಿ.

ನಿನ್ನ ಹೊಸ ಲಾರಿ ನಿನ್ನೆಯಿಂದ ಮಸ್ಕಿ ರಸ್ತೆದಾಗ ಆರಾಮ ಮಾಡಾಕತ್ತೈತಿ. ಮಿಸ್ತ್ರಿ ಪಕೀರಪ್ಪ ಬಾನೆಟ್ ಎತ್ತಿ ನೋಡಿ, ಕೈ ಮುಗಿದು ಹೋದ. ಅದರ ಸಾಮಾನು ಹೈದರಾಬಾದಿನಿಂದ ಬರಬೇಕಂತ. ದೊಡ್ಡವರ ಜಡ್ಡಿಗೆ ದೊಡ್ಡೂರಿನ ಔಷಧನೇ ಆಗಬೇಕಲ್ಲ.

ಹಳೇ ಲಾರಿದಾಗ ಮುಕ್ಕುಂದದಿಂದ ಭತ್ತ ಒಯ್ದು ಮಸ್ಕಿದಾಗ ಇಳಿಸಿ, ಹಗ್ಗ ಕಟ್ಟಿ ನಿನ್ನ ಹೊಸ ಲಾರಿನ ಎಳಕೊಂಡು ಬರ್ತೀನಿ.

ಅವ್ವ ರೊಟ್ಟಿ ಮಾಡಿಟ್ಟಾಳ. ತಿಂದು, ಹನ್ನೊಂದರ ಬಸ್ಸಿಗೆ ಹೊಸ ಲಾರಿ ನಿಂತಲ್ಲಿಗೆ ಬಾ. ಇಸ್ತ್ರಿ ಅಂಗಿ ಹಾಕ್ಕೊ, ಸಿಂಧನೂರು ಬಜಾರದಾಗ ಹಾದು ಬರೋದೈತಿ. ಎಳಿಸಿಕೊಳ್ಳೋ ಲಾರಿಗೂ ಸ್ಟೇರಿಂಗ್ ಹಿಡಿಯಾಕ ಒಬ್ಬಾಂವ ಬೇಕಾಗ್ತಾನ.

ನಿಮ್ಮಣ್ಣ ವೆಂಕೋಬ