ಭಾನುವಾರದ ಮಾತ್ರೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಕಳೆದ ವಾರ ಪೀಣ್ಯದ ಜಾಗೃತಿ ಸಭೆಯಲ್ಲಿ ತಾವು, ಬಿಪಿ ಹತೋಟಿಗೆ ಬಾರದಿರಲು ದೊಡ್ಡ ಕಾರಣ ರೋಗಿಗಳ ಉದಾಸೀನ ಎಂದು ಅಪ್ಪಣೆ ಕೊಡಿಸಿದಿರಿ. ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿದ್ದ ನನ್ನ ಅಕ್ಕ ಶಾಂತಿಯತ್ತ ಕೈ ತೋರಿಸಿ, "ಮಾತ್ರೆ ಬಿಟ್ರೆ ಏನಾಗುತ್ತೆ ಅಂತ ಇವರನ್ನ ನೋಡಿ ಕಲೀರಿ" ಎಂದಿರಿ. ಸಭೆ ಚಪ್ಪಾಳೆ ತಟ್ಟಿತು. ಅಕ್ಕ ಉತ್ತರ ಹೇಳಲಾರಳು. ಆದ್ದರಿಂದ ನಾನು ಹೇಳುತ್ತೇನೆ.

ಅಕ್ಕ ಇಲ್ಲಿಯದೇ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದಳು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿ ಶಿಕ್ಷಕಿಯಾಗಿಸಿದ್ದು ಅವಳ ಹೊಲಿಗೆಯೇ. ಫ್ಯಾಕ್ಟರಿಯ ತಪಾಸಣಾ ಶಿಬಿರದಲ್ಲಿ ಅವಳಿಗೆ ಬಿಪಿ ವಿಪರೀತವಿರುವುದು ಗೊತ್ತಾಯಿತು. ತಮ್ಮ ಆರೋಗ್ಯ ಕೇಂದ್ರದ ವೈದ್ಯರು ಮೈಯ ನೀರಿಳಿಸುವ ಮಾತ್ರೆ ಕೊಟ್ಟು, ಉಪ್ಪು ಕಡಿಮೆ ಮಾಡು, ಟೆನ್ಷನ್ ಬೇಡ ಎಂದು ಉಪದೇಶಿಸಿದರು. ಕ್ಯಾಂಟೀನಿನ ಸಾರಿಗೆ ಉಪ್ಪು ಹಾಕುವವನ ಕೈ ಹಿಡಿಯುವ ಅಧಿಕಾರ ಅವಳಿಗಿತ್ತೇ? ಟಾರ್ಗೆಟ್ ಮುಟ್ಟದಿದ್ದರೆ ಎಲ್ಲರೆದುರು ಬೈಸಿಕೊಳ್ಳುವವಳು ಟೆನ್ಷನ್ನನ್ನು ಎಲ್ಲಿ ಬಿಟ್ಟು ಬರಬೇಕಿತ್ತು?

ಆ ಮಾತ್ರೆ ನುಂಗಿದರೆ ಮೇಲಿಂದ ಮೇಲೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ. ಹೊಲಿಗೆಯ ಸಾಲಿನಿಂದ ಏಳಲು ಸೂಪರ್‌ವೈಸರಮ್ಮನ ಅನುಮತಿಯನ್ನು ಕೈಯೆತ್ತಿ ಕೇಳಬೇಕು. ಅಕ್ಕ ಎರಡನೇ ಸಲ ಕೇಳಿದ್ದಕ್ಕೆ ಆಕೆ, "ಇಲ್ಲಿಗೆ ಹೊಲಿಯೋಕೆ ಬರ್ತೀಯೋ, ಟಾಯ್ಲೆಟ್‌ಗೆ ಬರ್ತೀಯೋ?" ಎಂದು ಸಾಲಿಗೆ ಸಾಲೇ ನಗುವಂತೆ ಕೇಳಿದಳಂತೆ. ಅಂದಿನಿಂದ ಅಕ್ಕ ಕೆಲಸದ ದಿನ ಮಾತ್ರೆಯನ್ನೂ ಬಿಟ್ಟಳು, ನೀರನ್ನೂ ಬಿಟ್ಟಳು. ಮಾತ್ರೆ ಭಾನುವಾರಕ್ಕೆ ಮಾತ್ರ. ನಾನು ಗದರಿದರೆ, "ನಂಗೇನಾಗಿದೆ ಕಣೇ, ತಲೆನೋವೂ ಇಲ್ಲ" ಎನ್ನುತ್ತಿದ್ದಳು. ನಿಜ, ಈ ಕಾಯಿಲೆ ಬಾಗಿಲು ತಟ್ಟಿ ಬರುವುದಿಲ್ಲ. ಬೆನ್ನುನೋವಿಗೆ ಮೆಡಿಕಲ್ ಶಾಪಿನ ಮಾತ್ರೆಯನ್ನಂತೂ ದಿನವೂ ನುಂಗುತ್ತಿದ್ದಳು. ಅದೂ ಬಿಪಿ ಏರಿಸಬಲ್ಲದೆಂದು ನಮಗೆ ಯಾರೂ ಹೇಳಿರಲಿಲ್ಲ. ಮತ್ತೆ ತಪಾಸಣೆಗೆ ಹೋದಾಗ ಬಿಪಿ ಇಳಿದಿರಲಿಲ್ಲ. ವೈದ್ಯರು ತಲೆಯೆತ್ತದೆ ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ನುಂಗುತ್ತಿದ್ದೀಯಾ, ಇಲ್ಲವಾದರೆ ಯಾಕೆ ಎಂದು ಕೇಳಲು ಅವರಿಗೆ ಪುರುಸೊತ್ತಿರಲಿಲ್ಲ. ತಾನಾಗಿ ಹೇಳಲು ಅಕ್ಕ ನಾಚಿದಳು.

ಒಂದು ಮಧ್ಯಾಹ್ನ ಕಾಲರ್ ಹೊಲಿಯುತ್ತಿದ್ದವಳ ಬಲಗೈ ಬಟ್ಟೆಯ ಮೇಲೆಯೇ ನಿಂತುಹೋಯಿತು. ಪಕ್ಕದಲ್ಲಿ ಹೊಲಿಯುತ್ತಿದ್ದ ಗೌರಮ್ಮ ಹಿಡಿದುಕೊಳ್ಳುವಷ್ಟರಲ್ಲಿ ಅಕ್ಕ ಕೆಳಗೆ ಬಿದ್ದಿದ್ದಳು. ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು.

ಜೀವ ಉಳಿಯಿತು. ಮಾತು ಹೋಯಿತು, ಒಂದರ ಹೊರತು. ಹಸಿವಾದರೂ, ನೋವಾದರೂ, ನನ್ನನ್ನು ಕರೆಯಬೇಕೆಂದರೂ ಎಡಗೈ ಎತ್ತಿ ಅದೊಂದನ್ನೇ ಕೇಳುತ್ತಾಳೆ: "ಹೋಗ್ಬರ್ಲಾ ಮೇಡಂ?"

"ಹೋಗ್ಬಾ ಅಕ್ಕ" ಎಂದು ಎಷ್ಟು ಹೇಳಿದರೂ ಆ ಕೈ ಇಳಿಯುವುದಿಲ್ಲ. ಅವಳು ನಿದ್ದೆಹೋದ ಮೇಲೂ ಆ ದನಿ ಮನೆಯೊಳಗೆ ಓಡಾಡುತ್ತಿರುತ್ತದೆ. ತರಗತಿಯಲ್ಲಿ ಮಕ್ಕಳು ಕೈಯೆತ್ತಿದರೆ ಸಾಕು, ಅವರು ಬಾಯಿ ತೆರೆಯುವ ಮೊದಲೇ ಹೋಗಿಬನ್ನಿ ಎಂದುಬಿಡುತ್ತೇನೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಉದಾಸೀನ ಯಾರದು, ತಾವೇ ಹೇಳಿ. ಇನ್ನು ಮುಂದೆ ತಮ್ಮ ಸಿಬ್ಬಂದಿ, ಮಾತ್ರೆ ತೆಗೆದುಕೊಂಡೆಯಾ ಎನ್ನುವ ಮೊದಲು, ಎದ್ದು ಹೋಗಲು ಬಿಡುತ್ತಾರಾ ಎಂದು ಕೇಳಲಿ. ಫ್ಯಾಕ್ಟರಿಯ ಮೇಲಿನವರು ಹತ್ತಿರ ಇಲ್ಲದಾಗ ಕೇಳಲಿ. ಬಿಡದ ಫ್ಯಾಕ್ಟರಿಗಳ ಮೇಲೆ ಕ್ರಮವಾಗಲಿ. ಆ ಕೆಲಸಕ್ಕೆ ಹೊಂದುವ ಬೇರೆ ಮಾತ್ರೆಯಿದ್ದರೆ ವೈದ್ಯರು ಯೋಚಿಸಲಿ. ಶಿಫ್ಟ್ ಮುಗಿದ ಮೇಲೂ ಕೇಂದ್ರದ ಬಾಗಿಲು ತೆರೆದಿರಲಿ.

ತಮ್ಮ ಮುಂದಿನ ಭಾಷಣಕ್ಕೆ ಉಪಯೋಗವಾಗಬಹುದೆಂದು ತಿಳಿಸುತ್ತಿದ್ದೇನೆ: ಅಕ್ಕನಿಗೆ ಈಗ ದಿನವೂ ನಾನೇ ಮಾತ್ರೆ ನುಂಗಿಸುತ್ತೇನೆ. ಬಿಪಿ ಪೂರ್ತಿ ಹತೋಟಿಯಲ್ಲಿದೆ.

ಇಂತಿ,
ಉತ್ತರ ಬಂದೀತೆಂಬ ಭ್ರಮೆಯಿಲ್ಲದ,
ಆದರೂ ಬರೆಯದೆ ಇರಲಾಗದ
ಶ್ಯಾಮಲಾ, ಪೀಣ್ಯ