ಹಳೆಯ ಲೈಬ್ರರಿಗೆ ಹೊಸ ತಾರೀಕು

ಬಬಲೇಶ್ವರ,
೧೦ ನವೆಂಬರ್ ೧೯೭೯

ಪ್ರೀತಿಯ ತಮ್ಮ ಇಸಾಕ,

ನಿನ್ನ ಕೆಮ್ಮು ಹೇಗಿದೆ? ಮುಂಬಯಿಯ ಐಸ್ ನೀರು ಬಿಡು. ವಿಜಾಪುರದಲ್ಲಿ ಅಬ್ಬಾನ ಕಣ್ಣಿನ ಆಪರೇಶನ್ ಸುಸೂತ್ರವಾಯಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ "ನನ್ನ ಸೇನಾಪತಿ ಹ್ಯಾಂಗ ಅದಾನ?" ಎಂದು ನಿನ್ನನ್ನು ವಿಚಾರಿಸುತ್ತಾರೆ. ಏನು ಹೇಳಲಿ?

ಕೇಳು ಸೇನಾಪತಿ, ರಾಜ್ಯವನ್ನು ನಿನ್ನ ಕೈಗೆ ಒಪ್ಪಿಸಿ ಬಂದ ದೊರೆ ನಾನು. ಮುಂಬಯಿ ಆಫೀಸಿನ ಮಳೆ ಲೆಕ್ಕದ ನಮ್ಮ ಸಿ ಪ್ರೋಗ್ರಾಮಿನಲ್ಲಿ ಎಲ್ಲವೂ ಒಂದೇ ಗುಡ್ಡೆಯಾಗಿತ್ತು. ಒಂದು ಸಾಲು ತಿದ್ದಿದರೂ ಎಲ್ಲವನ್ನೂ ಇಡೀ ದಿನ ಮತ್ತೆ ಕಟ್ಟಬೇಕಿತ್ತು. ಅದನ್ನು ತಾರೀಕು, ಗಣಿತ, ಅಚ್ಚು ಎಂದು ಮೂರು ಪಾಲು, ಮೂರು ಲೈಬ್ರರಿ ಮಾಡಿ, ಒಂದೊಂದಕ್ಕೆ ಬೇರೆ ಡೈರೆಕ್ಟರಿ, ಕಟ್ಟುವ ಕ್ರಮ ಬರೆದ ಅದರದೇ ಮೇಕ್‌ಫೈಲ್ ಕೊಟ್ಟವನು ನಾನು. ಮೇಲೊಂದು ಮೇಕ್‌ಫೈಲ್ ಇಟ್ಟು, ಯಾರು ಮೊದಲು ರಂಗಕ್ಕೆ ಬರಬೇಕು, ಯಾರು ಯಾರ ಹಿಂದೆ ನಿಲ್ಲಬೇಕು ಎಂದು ಬರೆದೆ. ಅದನ್ನು ಓದಿ ಕಟ್ಟುವ ಮೇಕ್ ನೋಡುವುದು ಫೈಲುಗಳ ತಾರೀಕು ಮಾತ್ರ. ಲೈಬ್ರರಿಗಿಂತ ನಾವು ಬರೆದ ಮೂಲ ಹೊಸದಾದರೆ ಮತ್ತೆ ಕಟ್ಟುತ್ತದೆ. ಲೈಬ್ರರಿಯೇ ಹೊಸದಾಗಿ ಕಂಡರೆ ನಂಬಿ ಸುಮ್ಮನಿರುತ್ತದೆ.

ಅಬ್ಬಾನ ಆಪರೇಶನ್ನಿಗೆಂದು ಹೊರಡುವ ದಿನ ಗಣಿತದ ತಪ್ಪು ತಿದ್ದಿ, ಕಟ್ಟುವುದೊಂದನ್ನೇ ನಿನಗೆ ಬಿಟ್ಟೆ. "ನೀ ಹೋಗು ಯಣ್ಣಾ, ನಾ ಇದ್ದೇನಿ" ಎಂದವನು ನೀನು. ಎರಡು ತಾಸಿನ ಕೆಲಸ. ದಾದರಿನ ನಾಟಕಕ್ಕೆ ಹೊತ್ತಾಯಿತೆಂದು ಹಳೆಯ ಲೈಬ್ರರಿಗೇ ಟಚ್ ಆಜ್ಞೆ ಕೊಟ್ಟು, ಅಂದಿನ ತಾರೀಕು ಅಂಟಿಸಿ ಎದ್ದು ಹೋದೆ. ಮೇಕ್ ನಂಬಿತು, ನನ್ನ ಹಾಗೆಯೇ. ಮರುದಿನ ದೊಡ್ಡ ಅಧಿಕಾರಿಗಳೆಲ್ಲ ನೋಡುತ್ತ ನಿಂತಾಗ ಅಚ್ಚಾದ ಲೆಕ್ಕದಲ್ಲಿ ನಮ್ಮ ಒಣ ತಿಕೋಟಾದ ಮೇಲೆ ಚಿರಾಪುಂಜಿಯ ಮಳೆ ಸುರಿಯಿತು. ಅದೂ ಇರಲಿ. ಸಾಹೇಬರು ಕೇಳಿದಾಗ "ಗಣಿತದ್ದು ನಮ್ಮಣ್ಣಂದರಿ, ನನಗೇನೂ ಗೊತ್ತಿಲ್ರಿ" ಅಂದೆಯಂತೆ. ಈಗ ಅವರು ನನ್ನಿಂದ ತಪ್ಪೊಪ್ಪಿಗೆ ಬರೆಸಿಕೊಂಡು ಕೆಲಸದಿಂದ ತೆಗೆಯಲು ಕುಳಿತಿದ್ದಾರೆ. ನಮ್ಮ ಟರ್ಮಿನಲ್ಲು ಒತ್ತಿದ್ದನ್ನೆಲ್ಲ ಕಾಗದದ ಮೇಲೆ ಹೊಡೆಯುತ್ತದೆ ಎಂಬುದನ್ನು ನೀನು ಮರೆತೆ. ಪಕ್ಕದ ಮೇಜಿನ ಫಕ್ರುದ್ದೀನ ನಿನ್ನ ಟಚ್ ಆಜ್ಞೆ ಅಚ್ಚಾದ ಆ ಹಾಳೆ ಹರಿದು ನನಗೆ ಕಳಿಸಿದ್ದಾನೆ.

ಅಬ್ಬಾ ಕಲಿಸಿದ ನಾಟಕದಲ್ಲಿ ಪ್ರತಿ ಸಲ ಸೇನಾಪತಿ ನೀನು, ದೊರೆ ನನ್ನ ಬೆನ್ನಿಗೆ ಇರಿಯುತ್ತಿದ್ದೆ. ಪರದೆ ಬಿದ್ದೊಡನೆ ಓಡಿ ಬಂದು "ಯಣ್ಣಾ, ನೋವಾತೇನು?" ಎಂದು ಕೇಳುತ್ತಿದ್ದೆ. ಈ ಸಲ ಆ ಮಾತಿಗೆ ನಾನು ಎಂಟು ದಿನ ಕಾದೆ.

ಅಮ್ಮ, ಅಬ್ಬಾ ಇಬ್ಬರ ದುವಾ ನಿನಗೆ. ನನ್ನದೂ ಇದೆ, ಸಿಟ್ಟಿನೊಳಗೇ.

ನಿನ್ನ ಅಣ್ಣ,
ಜಿಲಾನಿ

ತಾ.ಕ.: ಟಪಾಲಿನ ಬಸ್ಸು ಹಾರ್ನ್ ಹೊಡೆಯುತ್ತಿದೆ. ಸಾಹೇಬರು ಕೇಳಿದ ತಪ್ಪೊಪ್ಪಿಗೆ ಬರೆದು ಇದರೊಳಗೆ ಇಟ್ಟಿದ್ದೇನೆ, ಹೆಸರಿನ ಜಾಗ ಖಾಲಿ. ಫಕ್ರುದ್ದೀನನ ಹಾಳೆಯೂ ಇದರಲ್ಲೇ ಇದೆ; ನನ್ನ ಹತ್ತಿರ ಬೇರೆ ಪ್ರತಿ ಇಲ್ಲ. ಹೆಸರು ನೀನೇ ಬರೆ, ಯಾರದಾದರೂ ಸರಿ. ತಾರೀಕು ಮಾತ್ರ ಖರೇದು ಹಾಕು.