ಅಮ್ಮ ನೀರಿನವರೆಗೆ ನಡೆದಳು

ಅಪ್ಪಾ,

ನಿಮ್ಮ ಅಸ್ಥಿ ಬಿಡಲು ಬೆಸೆಂಟ್ ನಗರದ ಕಡಲಿಗೆ ಹೋದ ದಿನ ಅಮ್ಮನಿಗೆ ಕಾರಿನಿಂದ ಇಳಿಯಲಾಗಲಿಲ್ಲ. ಸೊಂಟದಿಂದ ಹೊರಟ ನೋವು ಎಡಗಾಲಿನ ಮೀನಖಂಡದವರೆಗೂ ಹಿಡಿದುಕೊಂಡಿತ್ತು. ಮಡಕೆ ಹಿಡಿದು ಮರಳಿನ ಮೇಲೆ ನಡೆದವಳು ನಾನೊಬ್ಬಳೇ. ಅಮ್ಮ ಯಾಕೆ ಬರಲಿಲ್ಲ ಅಂತ ಅಲ್ಲೇ ನಿಮಗೆ ಹೇಳಬೇಕೆಂದಿದ್ದೆ, ಆದರೆ ಅವತ್ತು...

ಡಾಕ್ಟರ ಮುಂದೆ ಅವಳ ನೋವನ್ನೂ ನೀವೇ ಹೇಳುತ್ತಿದ್ದಿರಿ, ನೆನಪಿದೆಯಾ? ರೈಲ್ವೆ ಕೆಲಸದಲ್ಲಿ ಕಲಿತ ತಮಿಳಿನಲ್ಲಿ ನೀವು ವಿವರಿಸುತ್ತಿದ್ದರೆ ಅಮ್ಮ ತಲೆ ತಗ್ಗಿಸಿ ಕೂತಿರುತ್ತಿದ್ದಳು. ಈ ಸಲ ನುಂಗಂಬಾಕ್ಕಂನ ಡಾಕ್ಟರ ಹತ್ತಿರ ನಾನು ಕರೆದುಕೊಂಡು ಹೋದೆ. ಬೆನ್ನುಮೂಳೆಯ ನಡುವಿನ ಡಿಸ್ಕ್ ಉಬ್ಬಿ ನರವನ್ನು ಒತ್ತುತ್ತಿದೆ, ಆದರೆ ಕಾಲಿನ ಬಲ ಚೆನ್ನಾಗಿದೆ, ಆಪರೇಷನ್‌ಗೆ ಅವಸರವಿಲ್ಲ ಎಂದರು. ಬೆನ್ನನ್ನು ನಿಧಾನವಾಗಿ ಎಳೆದು ಬಿಡುವ ಯಂತ್ರದ ಚಿಕಿತ್ಸೆ, ಜೊತೆಗೆ ವ್ಯಾಯಾಮ. ಎಲ್ಲರಿಗೂ ಗುಣವಾಗುವುದಿಲ್ಲ ಎಂದೂ ಹೇಳಿದರು. ಗುಣವಾದರೆ ಮೊದಲು ಏನು ಮಾಡುವ ಆಸೆ ಎಂದು ಕೇಳಿದಾಗ, ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮನೇ ಅಂದಳು: “ಕಡಲ್ ವರೆಕ್ಕುಂ ನಡಕ್ಕಣುಂ, ಡಾಕ್ಟರ್.” ಕಡಲಿನವರೆಗೆ ನಡೆಯಬೇಕಂತೆ.

ಹೊರಗೆ ಬಂದಮೇಲೆ ಕೇಳಿದೆ, “ತಮಿಳು ಯಾವಾಗ ಕಲಿತೆ ಅಮ್ಮ?”

“ಇಷ್ಟು ವರ್ಷ ಅಣ್ಣಾ ನಗರ್‌ನಲ್ಲಿ ತರಕಾರಿ ತಂದಿಲ್ವಾ? ನಿಮ್ಮಪ್ಪ ಮಾತಾಡೋವಾಗ ನಡುವೆ ಯಾಕೆ ಬಾಯಿ ಹಾಕ್ಲಿ ಅಂತ ಸುಮ್ನಿರ್ತಿದ್ದೆ.”

ನಿಮಗೆ ಇದು ಗೊತ್ತಿತ್ತಾ?

ಮೊದಲ ದಿನ ಚಿಕಿತ್ಸೆ ಕೊಡುವ ಹುಡುಗಿ ಅಮ್ಮನನ್ನು ಮೇಜಿನ ಮೇಲೆ ಮಲಗಿಸಿ ಎದೆಗೊಂದು, ಸೊಂಟಕ್ಕೊಂದು ಪಟ್ಟಿ ಬಿಗಿದಳು. ಮೇಜಿನ ಕೆಳಭಾಗ ಸರಿದು ಸೊಂಟವನ್ನು ಎಳೆಯುತ್ತದೆ, ಸ್ವಲ್ಪ ಹೊತ್ತು ಹಿಡಿದು ಸಡಿಲ ಬಿಡುತ್ತದೆ. ಆ ವಾರ ನೋವು ಹೆಚ್ಚೇ ಆಯಿತು. ಅಮ್ಮ ಗೋಡೆ ಕಡೆ ತಿರುಗಿ ಮಲಗಿ ಅತ್ತಳು. ನಿಲ್ಲಿಸಿಬಿಡೋಣ ಎಂದೆ.

“ಹಾಗೆ ನಿಲ್ಸೋದಾ? ಮೊದ್ಲು ಆ ಹುಡುಗಿಗೆ ಹೇಳ್ಬೇಕು,” ಎಂದಳು.

ಮಾರನೆಯ ದಿನ ಆ ಹುಡುಗಿಗೆ ಅಮ್ಮ ತಾನೇ ಹೇಳಿದಳು, ಎಲ್ಲಿ ಸೆಳೆಯುತ್ತದೆ, ಹೇಗೆ ಸೆಳೆಯುತ್ತದೆ ಅಂತೆಲ್ಲ. ಆ ಹುಡುಗಿ ಡಾಕ್ಟರನ್ನು ಕೇಳಿ ಎಳೆತ ಕಡಿಮೆ ಮಾಡಿದಳು. ಬರಬರುತ್ತ ಕಾಲಿನ ನೋವು ಬಿಟ್ಟಿತು. ಸೊಂಟದಲ್ಲಿ ಈಗಲೂ ಸ್ವಲ್ಪ ಉಳಿದಿದೆ. ಯಂತ್ರದಿಂದಲೋ, ವ್ಯಾಯಾಮದಿಂದಲೋ, ಇಲ್ಲಾ ತಾನಾಗಿಯೇ ಇಳಿಯಿತೋ? ಡಾಕ್ಟರೂ ಖಚಿತವಾಗಿ ಹೇಳಲಿಲ್ಲ.

ಕಳೆದ ಭಾನುವಾರ ಅದೇ ಕಡಲಿಗೆ ಹೋದೆವು. ಅಮ್ಮ ಚಪ್ಪಲಿಯನ್ನು ಕಾರಿನಲ್ಲೇ ಬಿಟ್ಟು, ನನ್ನ ತೋಳು ಹಿಡಿದು ಮರಳಿಗೆ ಇಳಿದಳು. ನಡುನಡುವೆ ನಿಂತು ಸುಧಾರಿಸಿಕೊಂಡಳು. ನೀರು ಪಾದಕ್ಕೆ ತಾಕಿದಾಗ ನನ್ನ ತೋಳು ಬಿಟ್ಟಳು. ನಾನು ಹಿಂದೆ ಸರಿದು ನಿಂತೆ. ಅಲ್ಲಿ ಏನು ಹೇಳಿದಳೋ, ಅದು ನಿಮ್ಮಿಬ್ಬರ...

ವಾಪಸು ಬರುವಾಗ ಕಾರಿನಲ್ಲಿ ಅಂದಳು, “ನಿಮ್ಮಪ್ಪನ ತಿಥಿಗೆ ಅಡುಗೆಯವ್ರಿಗೆ ಹೇಳ್ಬೇಡ ಕಣೇ. ನಾನೇ ಮಾಡ್ತೀನಿ.”

ಬಗ್ಗಿ ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದಾರೆ. ಪಾತ್ರೆಗಳನ್ನು ನಾನು ಇಳಿಸಿಕೊಡುತ್ತೇನೆ, ಅಪ್ಪಾ. ಅಡುಗೆ ಮಾಡಿ ಬಡಿಸುವವಳು ಅವಳೇ.

ನಿಮ್ಮ ಮಗಳು